ತಂದೆಯವರ ಐಆರ್‌ಎ ಖಾತೆ ನನಗೂ ಮೈಸೂರಿನ ಅಣ್ಣನಿಗೂ ಬಂದಿದೆ: ತೆರಿಗೆ ಯಾರಿಗೆ, ಯಾವಾಗ, ಎಷ್ಟು?

ಮಲೆನಾಡಿನ ಮಗಳು, ನ್ಯೂಜೆರ್ಸಿ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು 2025ರ ಅಕ್ಟೋಬರಿನಲ್ಲಿ ಇಲ್ಲಿಯೇ ತೀರಿಕೊಂಡರು. 1948ರಲ್ಲಿ ಹುಟ್ಟಿದ ಅವರು ಅಮೆರಿಕದ ಪೌರತ್ವ ಪಡೆದು, ಎಂಜಿನಿಯರ್ ಆಗಿ ದುಡಿದು, ನಿವೃತ್ತರಾದ ಮೇಲೆ ತಮ್ಮ 401(ಕೆ) ಹಣವನ್ನೆಲ್ಲ (ಕೆಲಸದ ಕಂಪನಿಯ ಮೂಲಕ ಕೂಡಿಟ್ಟ ನಿವೃತ್ತಿ ಹಣ) ಒಂದು ಟ್ರೆಡಿಷನಲ್ ಐಆರ್‌ಎ ಖಾತೆಗೆ, ಅಂದರೆ ಹಣ ತೆಗೆಯುವವರೆಗೆ ತೆರಿಗೆ ಮುಂದೂಡುವ ವೈಯಕ್ತಿಕ ನಿವೃತ್ತಿ ಖಾತೆಗೆ, ವರ್ಗಾಯಿಸಿಕೊಂಡಿದ್ದರು. ಕಳೆದ ಡಿಸೆಂಬರ್ 31ರಂದು ಅದರಲ್ಲಿ 7,24,000 ಡಾಲರ್ ಇತ್ತು. ಬಹಳ ಹಿಂದೆಯೇ ತೆರೆದ, ತೆರಿಗೆ ಕಟ್ಟಿದ ಹಣವನ್ನೇ ಹಾಕುವ ಸಣ್ಣದೊಂದು ರಾಥ್ ಐಆರ್‌ಎ ಕೂಡ ಇದೆ. ತಾಯಿಯವರು ಈಗಿಲ್ಲ. ಎರಡೂ ಖಾತೆಗಳ ಬೆನಿಫಿಷಿಯರಿ (ಫಲಾನುಭವಿ) ಫಾರ್ಮಿನಲ್ಲಿ ನನ್ನ ಮತ್ತು ಮೈಸೂರಿನಲ್ಲಿರುವ ನನ್ನ ಅಣ್ಣನ ಹೆಸರು ಅರ್ಧರ್ಧ ಪಾಲಿಗೆ ಇದೆ. ಅಣ್ಣ ಭಾರತದ ಪ್ರಜೆ, ಅಮೆರಿಕದಲ್ಲಿ ಎಂದೂ ನೆಲೆಸಿದವನಲ್ಲ. ನನಗೆ ಈ ವರ್ಷ 50 ತುಂಬುತ್ತದೆ. ನಾನೂ ಯಜಮಾನರೂ ಕೆಲಸದಲ್ಲಿದ್ದು ಜಂಟಿ ರಿಟರ್ನ್ ಸಲ್ಲಿಸುತ್ತೇವೆ. ಕಡಿತಗಳೆಲ್ಲ ಕಳೆದು ತೆರಿಗೆಗೆ ಒಳಪಡುವ ಆದಾಯ ಸುಮಾರು 2,00,000 ಡಾಲರ್ ಆಗುತ್ತದೆ.

ಬ್ರೋಕರೇಜ್ ಕಂಪನಿ ಕಳಿಸಿರುವ ಫಾರ್ಮಿನಲ್ಲಿ ಎರಡು ಚೌಕಗಳಿವೆ. ಒಂದು, ಪೂರ್ತಿ ಹಣವನ್ನು ಚೆಕ್ ಮೂಲಕ ಪಡೆಯುವುದು. ಇನ್ನೊಂದು, ಇನ್‌ಹೆರಿಟೆಡ್ ಐಆರ್‌ಎ, ಅಂದರೆ ವಾರಸಾಗಿ ಬಂದ ಹಣಕ್ಕೆಂದೇ ಇರುವ ಖಾತೆ ತೆರೆಯುವುದು. ಫೋನಿನಲ್ಲಿ ಸಿಕ್ಕ ಸಿಬ್ಬಂದಿ ‘ಎರಡರಲ್ಲಿ ಯಾವುದಾದರೂ ಆಗುತ್ತದೆ’ ಎಂದರೇ ಹೊರತು ಮುಂದಿನ ಪರಿಣಾಮವೇನೆಂದು ಹೇಳಲಿಲ್ಲ. ಚೆಕ್ ಪಡೆದು ಅದನ್ನು ನನ್ನದೇ ಐಆರ್‌ಎ ಖಾತೆಗೆ ಹಾಕಿಕೊಳ್ಳಬಹುದೇ? ತಂದೆಯವರ ಮನೆಯನ್ನು ಮಾರಿದಾಗ ನಮಗೆ ಹೆಚ್ಚುಕಡಿಮೆ ಯಾವ ತೆರಿಗೆಯೂ ಬೀಳಲಿಲ್ಲ. ಅದೇ ತಂದೆಯವರ ಈ ಹಣಕ್ಕೆ ಮಾತ್ರ ಏಕೆ ಬೀಳಬೇಕು? ವಯಸ್ಸಾದವರು ಪ್ರತಿವರ್ಷ ಕಡ್ಡಾಯವಾಗಿ ಇಷ್ಟೆಂದು ತೆಗೆಯಬೇಕಂತೆ; ಅವರು 2025ರಲ್ಲಿ ಹಾಗೆ ತೆಗೆಯಬೇಕಿದ್ದ ಕನಿಷ್ಠ ಮೊತ್ತದಲ್ಲಿ 20,000 ಡಾಲರ್ ಮಾತ್ರ ತೆಗೆದಿದ್ದರು ಎಂದು ಸ್ಟೇಟ್‌ಮೆಂಟ್ ಹೇಳುತ್ತದೆ. ಉಳಿದದ್ದರ ಹೊಣೆ ಯಾರದು? ತಿಳಿದವರು ದಯವಿಟ್ಟು ವಿವರಿಸಬೇಕು.

ಲೆಕ್ಕಪತ್ರ, ಟೆಕ್ಸಾಸ್

ತಂದೆಯವರ ಅಗಲಿಕೆಗೆ ಸಂತಾಪಗಳು, ಮೇಡಂ. ಮೊದಲು ಚೆಕ್ಕಿನ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಉಳಿದ ಅನೇಕ ತಪ್ಪುಗಳನ್ನು ಆಮೇಲೆ ಸರಿಪಡಿಸಿಕೊಳ್ಳಲು ಕಾನೂನಿನಲ್ಲಿ ದಾರಿಯಿದೆ, ಇದೊಂದಕ್ಕೆ ಇಲ್ಲ. ಸ್ವಂತ ಐಆರ್‌ಎಯಿಂದ ಹಣ ತೆಗೆದವರು 60 ದಿನಗಳೊಳಗೆ ಅದನ್ನು ಮತ್ತೊಂದು ಐಆರ್‌ಎಗೆ ತುಂಬಿ ತೆರಿಗೆಯಿಂದ ಪಾರಾಗಬಹುದು. ಗಂಡ ಅಥವಾ ಹೆಂಡತಿಯಿಂದ ಬಂದ ಖಾತೆಗೂ ಈ ಸವಲತ್ತು ಇದೆ. ಮಕ್ಕಳಿಗೆ ಇಲ್ಲ. ನಿಮ್ಮ ಹೆಸರಿಗೆ ಚೆಕ್ ಬಂದರೆ ಅಷ್ಟೂ ಹಣ ಆ ವರ್ಷದ ನಿಮ್ಮ ಆದಾಯವೆಂದೇ ಲೆಕ್ಕ; ಅದನ್ನು ನಿಮ್ಮ ಐಆರ್‌ಎಗೂ ಹಾಕುವಂತಿಲ್ಲ, ವಾಪಸು ಕಳಿಸುವಂತೆಯೂ ಇಲ್ಲ. ಆದ್ದರಿಂದ ಎರಡನೆಯ ಚೌಕಕ್ಕೇ ಗುರುತು ಹಾಕಿ. ಹಣವು ತಂದೆಯವರ ಖಾತೆಯಿಂದ ನಿಮ್ಮ ಇನ್‌ಹೆರಿಟೆಡ್ ಐಆರ್‌ಎಗೆ ಸಂಸ್ಥೆಯಿಂದ ಸಂಸ್ಥೆಗೆ ನೇರವಾಗಿ ಹೋಗಬೇಕು. ಆ ಖಾತೆಯ ಶೀರ್ಷಿಕೆಯಲ್ಲಿ ತಂದೆಯವರ ಹೆಸರು, ಅವರು ಮೃತರೆಂಬ ಉಲ್ಲೇಖ, ನಂತರ ಫಲಾನುಭವಿಯಾಗಿ ನಿಮ್ಮ ಹೆಸರು, ಇವು ಮೂರೂ ಇರಬೇಕು. ಮೊದಲ ಸ್ಟೇಟ್‌ಮೆಂಟ್ ಬಂದ ಕೂಡಲೇ ಆ ಸಾಲನ್ನು ಕಣ್ಣಾರೆ ನೋಡಿಕೊಳ್ಳಿ. ಬರೀ ನಿಮ್ಮ ಹೆಸರೊಂದೇ ಇದ್ದರೆ ತಕ್ಷಣ ಫೋನ್ ಮಾಡಬೇಕು.

ಮನೆಯ ಹೋಲಿಕೆ ಸಹಜವಾದದ್ದೇ, ಆದರೆ ಇಲ್ಲಿ ನಡೆಯುವುದಿಲ್ಲ. ಮನೆ, ಷೇರು ಮುಂತಾದವು ವಾರಸುದಾರರಿಗೆ ಬಂದಾಗ ಅವುಗಳ ಮೂಲಬೆಲೆಯನ್ನು ಸಾವಿನ ದಿನದ ಮಾರುಕಟ್ಟೆ ಬೆಲೆಗೆ ಏರಿಸಿ ಲೆಕ್ಕ ಹಾಕುತ್ತಾರೆ. ಅದಕ್ಕೇ ನಿಮಗೆ ಬಂಡವಾಳ ಲಾಭ ಎನ್ನುವಷ್ಟು ಉಳಿಯಲಿಲ್ಲ. ಐಆರ್‌ಎ ಹಣಕ್ಕೆ ಈ ಏರಿಕೆ ಇಲ್ಲ. ತಂದೆಯವರು ದುಡಿದ ಕಾಲದಲ್ಲಿ ಆ ಹಣಕ್ಕೆ ಆದಾಯ ತೆರಿಗೆ ಕಟ್ಟಿರಲಿಲ್ಲ, ಮುಂದೂಡಿದ್ದರು ಅಷ್ಟೇ. ಆ ಬಾಕಿ ಈಗ ಖಾತೆಯ ಜೊತೆಗೇ ನಿಮ್ಮ ಕೈಗೆ ಬಂದಿದೆ. ಇದು ಪಿತ್ರಾರ್ಜಿತದ ಮೇಲಿನ ತೆರಿಗೆಯಲ್ಲ. ಫೆಡರಲ್ ಎಸ್ಟೇಟ್ ಟ್ಯಾಕ್ಸ್ 2025ರಲ್ಲಿ ತೀರಿಕೊಂಡವರಿಗೆ 1,39,90,000 ಡಾಲರ್ ದಾಟಿದ ಆಸ್ತಿಗೆ ಮಾತ್ರ ಬೀಳುತ್ತದೆ. ನೀವು ಅದನ್ನು ಮರೆತುಬಿಡಬಹುದು. ತಂದೆಯವರ ಹಳೆಯ ರಿಟರ್ನುಗಳಲ್ಲಿ ಫಾರ್ಮ್ 8606 ಇದೆಯೇ ಎಂದು ಮಾತ್ರ ಹುಡುಕಿ ನೋಡಿ. ತೆರಿಗೆ ಕಟ್ಟಿದ ಹಣವನ್ನೇನಾದರೂ ಅವರು ಐಆರ್‌ಎಗೆ ಹಾಕಿದ್ದರೆ ಅಷ್ಟು ಭಾಗಕ್ಕೆ ನೀವು ಮತ್ತೆ ಕಟ್ಟಬೇಕಿಲ್ಲ, ಮತ್ತು ಅದು ದಾಖಲಾಗಿರುವುದು ಆ ಫಾರ್ಮಿನಲ್ಲಿಯೇ.

ಇನ್ನು ಗಡುವು. 2019ರ ಡಿಸೆಂಬರಿನಲ್ಲಿ ಸಹಿಯಾದ ಸೆಕ್ಯೂರ್ ಕಾಯ್ದೆ ಬರುವ ಮೊದಲು ಮಕ್ಕಳು ಇಂಥ ಹಣವನ್ನು ತಮ್ಮ ಜೀವಮಾನವಿಡೀ ಸ್ವಲ್ಪಸ್ವಲ್ಪವಾಗಿ ತೆಗೆದುಕೊಳ್ಳಬಹುದಿತ್ತು. 2020ರ ಜನವರಿ 1ರಂದು ಅಥವಾ ಆಮೇಲೆ ತೀರಿಕೊಂಡವರ ಖಾತೆಗಳಿಗೆ ಹತ್ತು ವರ್ಷಗಳ ನಿಯಮ ಅನ್ವಯಿಸುತ್ತದೆ: ಸಾವಿನ ವರ್ಷವನ್ನು ಬಿಟ್ಟು ಮುಂದಿನ ಹತ್ತನೆಯ ವರ್ಷದ ಕೊನೆಗೆ ಖಾತೆ ಬರಿದಾಗಿರಬೇಕು. ನಿಮಗದು 2035ರ ಡಿಸೆಂಬರ್ 31. ಸಂಗಾತಿ, ಮೃತರ ಅಪ್ರಾಪ್ತ ಮಕ್ಕಳು, ಅಂಗವಿಕಲರು, ದೀರ್ಘಕಾಲದ ರೋಗಿಗಳು, ಮೃತರಿಗಿಂತ ಹತ್ತು ವರ್ಷಕ್ಕಿಂತ ಹೆಚ್ಚು ಕಿರಿಯರಲ್ಲದವರು, ಇಷ್ಟು ಜನರಿಗೆ ವಿನಾಯಿತಿಯಿದೆ. ನಿಮ್ಮಿಬ್ಬರಿಗೂ ಅದು ಸಲ್ಲುವುದಿಲ್ಲ.

ಹತ್ತು ವರ್ಷ ಸುಮ್ಮನಿದ್ದು ಕೊನೆಗೆ ಒಮ್ಮೆಲೇ ತೆಗೆದರಾಯಿತು ಎಂದು ಬಹಳ ಮಂದಿ ತಿಳಿದಿದ್ದಾರೆ. ಕಾಯ್ದೆ ಬಂದ ಹೊಸತರಲ್ಲಿ ಅನೇಕ ಸಲಹೆಗಾರರೂ ಹಾಗೆಯೇ ಓದಿಕೊಂಡಿದ್ದರು, ಮತ್ತು ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ 2021ರಿಂದ 2024ರವರೆಗೆ ವರ್ಷವರ್ಷವೂ ದಂಡವನ್ನು ಬಿಟ್ಟುಕೊಡುತ್ತಾ ಬಂದದ್ದರಿಂದ ಆ ಗೊಂದಲ ಇನ್ನಷ್ಟು ಬೇರೂರಿತು. 2024ರ ಜುಲೈನಲ್ಲಿ ಬಂದ ಅಂತಿಮ ನಿಯಮಗಳು ಇದನ್ನು ಇತ್ಯರ್ಥ ಮಾಡಿವೆ. ಮೃತರು ತಮ್ಮ ಕಡ್ಡಾಯ ಕನಿಷ್ಠ ಹಿಂಪಡೆತವನ್ನು, ಅಂದರೆ ಆರ್‌ಎಂಡಿಯನ್ನು, ಆರಂಭಿಸಬೇಕಾದ ದಿನಾಂಕ ದಾಟಿದ ಮೇಲೆ ತೀರಿಕೊಂಡಿದ್ದರೆ, ಮಕ್ಕಳು ಮೊದಲ ಒಂಬತ್ತು ವರ್ಷವೂ ವರ್ಷಕ್ಕಿಷ್ಟೆಂದು ತೆಗೆಯಲೇಬೇಕು, ಹತ್ತನೆಯ ವರ್ಷ ಉಳಿದದ್ದನ್ನೆಲ್ಲ ತೆಗೆಯಬೇಕು. 77ನೆಯ ವರ್ಷದಲ್ಲಿದ್ದ ನಿಮ್ಮ ತಂದೆಯವರು ಆ ದಿನಾಂಕವನ್ನು ಎಂದೋ ದಾಟಿದ್ದರು.

ಲೆಕ್ಕ ಕಷ್ಟದ್ದಲ್ಲ. ನಿಮ್ಮ ಪಾಲು 3,62,000 ಡಾಲರ್. ಐಆರ್‌ಎಸ್‌ನ ಏಕ ಜೀವಿತಾವಧಿ ಕೋಷ್ಟಕದಲ್ಲಿ 50 ವಯಸ್ಸಿನ ಎದುರು 36.2 ಎಂದಿದೆ. ಭಾಗಿಸಿದರೆ 2026ರಲ್ಲಿ ನೀವು ತೆಗೆಯಬೇಕಾದ ಕನಿಷ್ಠ ಮೊತ್ತ 10,000 ಡಾಲರ್. ಮುಂದಿನ ವರ್ಷ ಮತ್ತೆ ಕೋಷ್ಟಕ ನೋಡಬೇಕಿಲ್ಲ, 36.2ರಲ್ಲಿ ಒಂದನ್ನು ಕಳೆದು 35.2ರಿಂದ, ಆಮೇಲೆ 34.2ರಿಂದ, ಹಿಂದಿನ ಡಿಸೆಂಬರ್ 31ರ ಶಿಲ್ಕನ್ನು ಭಾಗಿಸುತ್ತಾ ಹೋಗುವುದು. ಕಡಿಮೆ ತೆಗೆದರೆ ಕೊರತೆಯ ಮೊತ್ತಕ್ಕೆ ಶೇಕಡಾ 25 ದಂಡ. ಕಾಲಮಿತಿಯೊಳಗೆ ಸರಿಪಡಿಸಿದರೆ ಅದು ಶೇಕಡಾ 10ಕ್ಕೆ ಇಳಿಯುತ್ತದೆ. ಒಂದು ಸಮಾಧಾನವೆಂದರೆ, 59½ ತುಂಬುವ ಮೊದಲು ತೆಗೆದವರಿಗೆ ಬೀಳುವ ಶೇಕಡಾ 10ರ ದಂಡ ವಾರಸುದಾರರಿಗೆ ಇಲ್ಲ. ತೆಗೆದ ಹಣದ ದಾಖಲೆಯಾಗಿ ಮುಂದಿನ ಜನವರಿಯಲ್ಲಿ ಬರುವ 1099-ಆರ್ ಫಾರ್ಮಿನ 7ನೆಯ ಚೌಕದಲ್ಲಿ 4 ಎಂಬ ಸಂಕೇತ ಇರಬೇಕು. ಅದು ಮರಣದ ನಿಮಿತ್ತ ಬಂದ ಹಣವೆಂಬುದರ ಗುರುತು. ಅಲ್ಲಿ 1 ಎಂದಿದ್ದರೆ ತಿದ್ದಿಸಿಕೊಳ್ಳಬೇಕು.

ತಂದೆಯವರ 2025ರ ಬಾಕಿಯನ್ನು ತೆಗೆಯುವುದು ನಿಮ್ಮಿಬ್ಬರ ಹೊಣೆ. ಖಾತೆದಾರರಿಗೆ ಬಳಸುವ ಕೋಷ್ಟಕ ಬೇರೆ; ಅದರಲ್ಲಿ 77ರ ವಯಸ್ಸಿಗೆ ಅಂಕಿ 22.9. ಉದಾಹರಣೆಗೆ 2024ರ ಡಿಸೆಂಬರ್ 31ರಂದು ಖಾತೆಯಲ್ಲಿ 7,32,800 ಡಾಲರ್ ಇತ್ತೆನ್ನಿ. ಅವರು ತೆಗೆಯಬೇಕಿದ್ದದ್ದು 32,000, ಬಾಕಿ 12,000. ಈ ಬಾಕಿಯನ್ನು ಫಲಾನುಭವಿಗಳಲ್ಲಿ ಯಾರು ತೆಗೆದರೂ ನಡೆಯುತ್ತದೆ, ತೆಗೆದವರ ಆದಾಯಕ್ಕೆ ಅದು ಸೇರುತ್ತದೆ. ತಂದೆಯವರ ಕೊನೆಯ ರಿಟರ್ನಿಗೆ ಸೇರುವುದಿಲ್ಲ. 2026ರ ಡಿಸೆಂಬರ್ 31ರೊಳಗೆ ತೆಗೆದರೆ ದಂಡ ತಾನಾಗಿಯೇ ಮನ್ನಾ. ಆದರೆ ಇದು ನಿಮ್ಮ 2026ರ ಕನಿಷ್ಠ ಮೊತ್ತದ ಮೇಲೆ ಹೆಚ್ಚುವರಿ, ಅದರೊಳಗೆ ಸೇರಿದ್ದಲ್ಲ. ಅದೇ ದಿನಾಂಕದೊಳಗೆ ನಿಮ್ಮ ಮತ್ತು ಅಣ್ಣನವರ ಪಾಲು ಬೇರೆ ಬೇರೆ ಖಾತೆಗಳಾಗಿರಬೇಕು. ಇಲ್ಲವಾದರೆ ಇಬ್ಬರಲ್ಲಿ ಹಿರಿಯರ ವಯಸ್ಸನ್ನೇ ಇಬ್ಬರಿಗೂ ಹಿಡಿಯುತ್ತಾರೆ.

ರಾಥ್ ಖಾತೆಗೆ ಈ ವಾರ್ಷಿಕ ಕಂತಿನ ಗೊಡವೆ ಇಲ್ಲ, ಖಾತೆ ಐದು ವರ್ಷಕ್ಕಿಂತ ಹಳೆಯದಾದ್ದರಿಂದ ತೆರಿಗೆಯೂ ಇಲ್ಲ. ಅದನ್ನು 2035ರವರೆಗೆ ಮುಟ್ಟದೆ ಬೆಳೆಯಲು ಬಿಡಿ.

ಮಲೆನಾಡಿನ ಮಗಳು, ನ್ಯೂಜೆರ್ಸಿ

ಇಷ್ಟು ವಿವರವಾಗಿ ಬರೆದದ್ದಕ್ಕೆ ಬಹಳ ಧನ್ಯವಾದಗಳು, ಸರ್. ಈಗ ಅಣ್ಣನ ವಿಷಯ. ಅವನು ಹೇಳುವುದು ಹೀಗೆ: “ಭಾರತದಲ್ಲಿ ಪಿತ್ರಾರ್ಜಿತಕ್ಕೆ ತೆರಿಗೆಯೇ ಇಲ್ಲ. ನನಗೆ ಅಲ್ಲಿಯ ನಂಬರು, ಫಾರ್ಮು ಯಾವುದೂ ಬೇಡ. ನನ್ನ ಪಾಲು ಬೇಡವೆಂದು ಬರೆದುಕೊಡುತ್ತೇನೆ, ಎಲ್ಲವನ್ನೂ ನಿನ್ನ ಹೆಸರಿಗೇ ಮಾಡಿಸಿಕೊಂಡು ಆಮೇಲೆ ನನ್ನದನ್ನು ಕಳಿಸಿಬಿಡು.” ನಮ್ಮಿಬ್ಬರ ನಡುವೆ ಲೆಕ್ಕದ ತಕರಾರು ಬರುವ ಸಂಭವವಿಲ್ಲ. ಕಾನೂನಿನ ದೃಷ್ಟಿಯಿಂದ ಇದು ಸರಿಯೇ? ಇನ್ನೊಂದು ಪ್ರಶ್ನೆ: ನಾನು ಕನಿಷ್ಠ ಮೊತ್ತವನ್ನಷ್ಟೇ ತೆಗೆಯುವುದು ಒಳ್ಳೆಯದೋ, ವರ್ಷಕ್ಕೆ ಹತ್ತರಲ್ಲೊಂದು ಪಾಲು ತೆಗೆಯುವುದು ಒಳ್ಳೆಯದೋ?

ಕುಕ್ಕರಹಳ್ಳಿ, ಮೈಸೂರು

ನಾನು ಇಲ್ಲಿ ಲೆಕ್ಕ ಪರಿಶೋಧಕ. ಹೊರದೇಶದಲ್ಲಿ ಮಕ್ಕಳು, ಒಡಹುಟ್ಟಿದವರು ಇರುವ ಮನೆಗಳ ರಿಟರ್ನುಗಳನ್ನು ನೋಡುತ್ತಿರುತ್ತೇನೆ. ನಿಮ್ಮ ಅಣ್ಣನವರ ಸಲಹೆಯ ಹಿಂದಿನ ಮನಸ್ಸು ದೊಡ್ಡದು, ಆದರೆ ಅದನ್ನು ಅವರು ಹೇಳಿದ ರೀತಿಯಲ್ಲಿ ಮಾಡಬೇಡಿ. ಅಮೆರಿಕದ ಕಾನೂನಿನಲ್ಲಿ ಪಾಲನ್ನು ನಿರಾಕರಿಸಲು ಅವಕಾಶವಿದೆ: ಸಾವಿನ ದಿನದಿಂದ ಒಂಬತ್ತು ತಿಂಗಳೊಳಗೆ, ಅಂದರೆ ನಿಮ್ಮ ವಿಷಯದಲ್ಲಿ ಬರುವ ಜುಲೈ ಒಳಗೆ, ಬರವಣಿಗೆಯಲ್ಲಿ, ಮತ್ತೆ ಹಿಂತೆಗೆದುಕೊಳ್ಳಲಾಗದ ಹಾಗೆ. ಆದರೆ ನಿರಾಕರಿಸಿದವರು ಅದು ಇಂಥವರಿಗೇ ಹೋಗಲಿ ಎಂದು ಹೇಳುವಂತಿಲ್ಲ, ಪ್ರತಿಯಾಗಿ ಏನನ್ನೂ ಪಡೆಯುವ ಒಪ್ಪಂದವೂ ಇರಬಾರದು. ‘ಆಮೇಲೆ ಕಳಿಸಿಬಿಡು’ ಎಂಬ ಮಾತಿದ್ದರೆ ನಿರಾಕರಣೆಯೇ ಅಸಿಂಧು. ಇನ್ನೂ ಒಂದು ಅಪಾಯವಿದೆ. ಅವರು ಬಿಟ್ಟ ಪಾಲು ಯಾರಿಗೆ ಹೋಗುತ್ತದೆ ಎಂಬುದನ್ನು ತೀರ್ಮಾನಿಸುವುದು ಬೆನಿಫಿಷಿಯರಿ ಫಾರ್ಮು ಮತ್ತು ಖಾತೆಯ ಒಪ್ಪಂದ. ಎಷ್ಟೋ ಫಾರ್ಮುಗಳಲ್ಲಿ ಅದು ಒಡಹುಟ್ಟಿದವರಿಗೆ ಬರುವುದಿಲ್ಲ, ಬಿಟ್ಟವರ ಮಕ್ಕಳಿಗೆ ಇಳಿಯುತ್ತದೆ. ಆ ಮಕ್ಕಳು ಇನ್ನೂ ಚಿಕ್ಕವರಾದರೆ ಕಥೆ ಮತ್ತೊಂದು ಮಗ್ಗುಲಿಗೆ ಹೊರಳುತ್ತದೆ.

ಹೇಗೋ ಎಲ್ಲವೂ ನಿಮ್ಮ ಹೆಸರಿಗೆ ಬಂತೆಂದೇ ಇಟ್ಟುಕೊಳ್ಳಿ. ಆಗ ಅಣ್ಣನವರ ಪಾಲಿನ ತೆರಿಗೆಯನ್ನೂ ನಿಮ್ಮ ದರದಲ್ಲಿ ನೀವೇ ಕಟ್ಟುತ್ತೀರಿ. ನಂತರ ಅವರಿಗೆ ಕಳಿಸುವುದು ಉಡುಗೊರೆಯಾಗುತ್ತದೆ. ವರ್ಷಕ್ಕೆ 19,000 ಡಾಲರ್ ದಾಟಿದರೆ ನೀವು ಫಾರ್ಮ್ 709 ಎಂಬ ಉಡುಗೊರೆ ತೆರಿಗೆಯ ರಿಟರ್ನ್ ಸಲ್ಲಿಸಬೇಕು. ಭಾರತದಲ್ಲಿ ತಂಗಿ ಅಣ್ಣನಿಗೆ ಕೊಟ್ಟ ಹಣಕ್ಕೆ ತೆರಿಗೆಯಿಲ್ಲ ಎಂಬುದೊಂದೇ ಇದರಲ್ಲಿ ಸಲೀಸಾದ ಭಾಗ.

ನೇರ ದಾರಿ ಹೀಗಿದೆ. ಅಣ್ಣನವರು ಫಾರ್ಮ್ ಡಬ್ಲ್ಯು-7 ಮೂಲಕ ಐಟಿಐಎನ್ ಎಂಬ ಅಮೆರಿಕದ ತೆರಿಗೆದಾರ ಸಂಖ್ಯೆ ಪಡೆದು, ತಾವು ವಿದೇಶಿಯರೆಂದು ತಿಳಿಸುವ ಡಬ್ಲ್ಯು-8ಬೆನ್ ಫಾರ್ಮನ್ನು ಬ್ರೋಕರೇಜ್‌ಗೆ ಕೊಟ್ಟು, ತಮ್ಮ ಹೆಸರಿನ ಇನ್‌ಹೆರಿಟೆಡ್ ಐಆರ್‌ಎ ತೆರೆಯಬೇಕು. ಭಾರತದ ವಿಳಾಸವಿರುವವರಿಗೆ ಖಾತೆ ತೆರೆಯಲು ಕೆಲವು ಕಂಪನಿಗಳು ಒಪ್ಪುವುದಿಲ್ಲ. ಇದನ್ನು ಮೊದಲೇ ಕೇಳಿಕೊಳ್ಳಿ, ಅಗತ್ಯವಾದರೆ ಒಪ್ಪುವ ಕಂಪನಿಗೆ ಖಾತೆಯಿಂದ ಖಾತೆಗೆ ವರ್ಗಾಯಿಸಿ. ಅವರು ಹಣ ತೆಗೆದಾಗ ಸಾಮಾನ್ಯವಾಗಿ ಶೇಕಡಾ 30 ಮೊದಲೇ ಕಡಿತವಾಗುತ್ತದೆ ಮತ್ತು ಅದರ ದಾಖಲೆಯಾಗಿ 1042-ಎಸ್ ಫಾರ್ಮ್ ಬರುತ್ತದೆ. ಭಾರತ–ಅಮೆರಿಕ ತೆರಿಗೆ ಒಪ್ಪಂದದ 20ನೆಯ ವಿಧಿಯ ಪ್ರಕಾರ ಖಾಸಗಿ ಪಿಂಚಣಿಗೆ ತೆರಿಗೆ ಹಾಕುವುದು ಪಡೆಯುವವರು ನೆಲೆಸಿರುವ ದೇಶ. ಆದರೆ ಅಲ್ಲಿ ಪಿಂಚಣಿ ಎಂದರೆ ಹಿಂದಿನ ಸೇವೆಗಾಗಿ ನಿಯತಕಾಲಕ್ಕೆ ಬರುವ ಪಾವತಿ. ತಂದೆಯ ಸೇವೆಯ ಹಣವನ್ನು ಮಗ ಒಂದೇ ಗಂಟಾಗಿ ತೆಗೆದರೆ ಈ ವಿಧಿಯನ್ನು ಆಧರಿಸುವುದು ದುರ್ಬಲ ವಾದವೆಂದು ನನ್ನ ಅಭಿಪ್ರಾಯ. ವರ್ಷಕ್ಕೊಮ್ಮೆ ಕಂತಿನಂತೆ ಬರುವ ಹಣಕ್ಕೆ ವಾದ ಸ್ವಲ್ಪ ಗಟ್ಟಿಯಾಗುತ್ತದೆ. ಹೆಚ್ಚಾಗಿ ಕಡಿತವಾದದ್ದನ್ನು ವಾಪಸು ಕೇಳಬೇಕಾದದ್ದು 1040-ಎನ್‌ಆರ್, ಅಂದರೆ ಅಮೆರಿಕದಲ್ಲಿ ನೆಲೆಸದ ವಿದೇಶಿಯರ ರಿಟರ್ನಿನಲ್ಲಿ.

ಭಾರತದಲ್ಲಿ ಎಸ್ಟೇಟ್ ಡ್ಯೂಟಿ 1985ರಲ್ಲಿಯೇ ರದ್ದಾಗಿದೆ, ಉಯಿಲು ಅಥವಾ ವಾರಸಿನಿಂದ ಬಂದದ್ದು ಪಡೆದವರ ಆದಾಯವಲ್ಲ. ಇಲ್ಲಿಯವರೆಗೆ ಅಣ್ಣನವರ ಮಾತು ಸರಿ. ಆದರೆ ಬಂದ ಆಸ್ತಿ ಆಮೇಲೆ ಗಳಿಸುವುದು ಅವರ ಆದಾಯವೇ. ಸಾವಿನ ದಿನದ ಮೌಲ್ಯವನ್ನು ಪಿತ್ರಾರ್ಜಿತವೆಂದೂ ನಂತರದ ಬೆಳವಣಿಗೆಯನ್ನು ಆದಾಯವೆಂದೂ ಬೇರೆ ಮಾಡಿ ತೋರಿಸುವುದು ನನಗೆ ಸರಿಕಾಣುವ ಕ್ರಮ. ಅದಕ್ಕಾಗಿ 2025ರ ಅಕ್ಟೋಬರಿನ ಆ ದಿನದ ಮೌಲ್ಯಪತ್ರವನ್ನು ಬ್ರೋಕರೇಜ್‌ನಿಂದ ಈಗಲೇ ಬರೆಸಿಕೊಳ್ಳಿ. ಅಮೆರಿಕದಲ್ಲಿ ನೆಲೆಸಿದ್ದಾಗ ತೆರೆದ ನಿವೃತ್ತಿ ಖಾತೆಗಳಿಗೆ ಇಲ್ಲಿ 1961ರ ಆದಾಯ ತೆರಿಗೆ ಕಾಯ್ದೆಯ 89ಎ ಸೆಕ್ಷನ್ ಕೊಟ್ಟ, ಹಣ ತೆಗೆಯುವವರೆಗೆ ತೆರಿಗೆ ಮುಂದೂಡುವ ಸವಲತ್ತು ಖಾತೆಯನ್ನು ತಾವೇ ತೆರೆದವರಿಗೆ. ವಾರಸಾಗಿ ಪಡೆದ ಅಣ್ಣನವರಿಗೆ ಅದು ಸಲ್ಲದು.

ಎಲ್ಲಕ್ಕಿಂತ ಹೆಚ್ಚಾಗಿ ಜನ ಎಡವುವುದು ಘೋಷಣೆಯಲ್ಲಿ. ಪಿಂಚಣಿ, ಬ್ಯಾಂಕ್ ಬಡ್ಡಿ ಇಷ್ಟೇ ಇರುವವರು ವರ್ಷವೂ ಸಹಜ್ (ಐಟಿಆರ್-1) ಫಾರ್ಮ್ ತುಂಬಿ ಮುಗಿಸುತ್ತಾರೆ. ವಿದೇಶದಲ್ಲಿ ಖಾತೆಯಿದ್ದವರು ಆ ಫಾರ್ಮ್ ಬಳಸುವಂತಿಲ್ಲ. ಐಟಿಆರ್-2ರಲ್ಲಿ ವಿದೇಶಿ ಆಸ್ತಿಗಳ ಶೆಡ್ಯೂಲಿನಲ್ಲಿ ಈ ಖಾತೆಯನ್ನು, ಒಂದು ಡಾಲರನ್ನೂ ತೆಗೆಯದ ವರ್ಷದಲ್ಲಿಯೂ, ನಮೂದಿಸಬೇಕು. ಬಿಟ್ಟರೆ ಕಪ್ಪುಹಣ ಕಾಯ್ದೆಯಡಿ ದಂಡ 10 ಲಕ್ಷ ರೂಪಾಯಿ. ಒಟ್ಟು 20 ಲಕ್ಷ ರೂಪಾಯಿಯವರೆಗಿನ ಚರಾಸ್ತಿಗೆ 2024ರ ಅಕ್ಟೋಬರಿನಿಂದ ಈ ದಂಡದ ವಿನಾಯಿತಿ ಇದೆ, ಆದರೆ ಅವರ ಪಾಲು ಅದರ ಎಷ್ಟೋ ಪಟ್ಟು. ವಿದೇಶದಲ್ಲಿದ್ದವರಿಂದ ವಾರಸಾಗಿ ಬಂದ ಆಸ್ತಿಯನ್ನು ಅಲ್ಲಿಯೇ ಇಟ್ಟುಕೊಳ್ಳಲು ಭಾರತದ ವಿದೇಶಿ ವಿನಿಮಯ ಕಾಯ್ದೆಯಾದ ಫೆಮಾ ಅನುಮತಿಸುತ್ತದೆ. ಹಾಗಾಗಿ ಗಾಬರಿಬಿದ್ದು ಹಣವನ್ನೆಲ್ಲ ಒಮ್ಮೆಲೇ ಇಲ್ಲಿಗೆ ತರಿಸಬೇಕಾದ ಅಗತ್ಯವೇನೂ ಇಲ್ಲ.

ಲೆಕ್ಕಪತ್ರ, ಟೆಕ್ಸಾಸ್

ನಿಮ್ಮ ಎರಡನೆಯ ಪ್ರಶ್ನೆಗೆ ಅಂಕಿಗಳಲ್ಲೇ ಉತ್ತರಿಸುತ್ತೇನೆ. 2026ರಲ್ಲಿ ಜಂಟಿ ರಿಟರ್ನಿಗೆ ಶೇಕಡಾ 22ರ ಹಂತ 2,11,400 ಡಾಲರಿಗೆ, 24ರ ಹಂತ 4,03,550ಕ್ಕೆ, 32ರ ಹಂತ 5,12,450ಕ್ಕೆ ಮುಗಿಯುತ್ತದೆ. ಅದರ ಮೇಲಿನದ್ದು 35. ನಿಮ್ಮ 2,00,000ದ ಮೇಲೆ 3,62,000 ಡಾಲರನ್ನು ಈ ಒಂದೇ ವರ್ಷ ಪೇರಿಸಿದರೆ ಹೆಚ್ಚುವರಿ ಫೆಡರಲ್ ತೆರಿಗೆ ಸುಮಾರು 1,00,800 ಡಾಲರ್. ವರ್ಷಕ್ಕೆ 36,200ರಂತೆ ತೆಗೆದರೆ ಇದೇ ದರಗಳಲ್ಲಿ ವರ್ಷಕ್ಕೆ 8,460, ಹತ್ತು ವರ್ಷಕ್ಕೆ 84,600. ಉಳಿತಾಯ 16,000 ಡಾಲರಿನಷ್ಟು. ಜನ ಊಹಿಸಿಕೊಳ್ಳುವಷ್ಟು ಭಾರಿಯಲ್ಲ, ಹಾಗೆಂದು ಬಿಟ್ಟುಬಿಡುವಂಥದ್ದೂ ಅಲ್ಲ. ಇದರ ಜೊತೆಗೆ ಒಳಗೇ ಉಳಿದ ಹಣ ಅಷ್ಟು ವರ್ಷ ತೆರಿಗೆಯಿಲ್ಲದೆ ಬೆಳೆಯುತ್ತದೆ.

ಕನಿಷ್ಠವನ್ನಷ್ಟೇ ತೆಗೆಯುವುದರಲ್ಲಿ ಒಂದು ಸೂಕ್ಷ್ಮವಿದೆ. ಮೊದಲ ವರ್ಷದ ಕನಿಷ್ಠ ಶಿಲ್ಕಿನ ಶೇಕಡಾ 3ನ್ನೂ ಮುಟ್ಟುವುದಿಲ್ಲ, ಒಂಬತ್ತನೆಯ ವರ್ಷವೂ ಶೇಕಡಾ 3.6ರೊಳಗೇ ಇರುತ್ತದೆ. ಹೂಡಿಕೆ ವರ್ಷಕ್ಕೆ ಶೇಕಡಾ 6 ಬೆಳೆದರೆ ಖಾತೆ ಕರಗುವುದೇ ಇಲ್ಲ. 2035ರ ಆರಂಭಕ್ಕೆ 4,50,000 ಡಾಲರ್ ಮೀರಿರುತ್ತದೆ, ಮತ್ತು ಅಷ್ಟನ್ನೂ ಆ ಒಂದೇ ವರ್ಷ ತೆಗೆಯಬೇಕಾಗುತ್ತದೆ. ಆರ್‌ಎಂಡಿಯನ್ನು ಸಲಹೆಯೆಂದು ಭಾವಿಸಬೇಡಿ, ಅದು ತಳಮಟ್ಟದ ಗೆರೆ ಅಷ್ಟೇ. ನಿಮ್ಮಲ್ಲಿ ಶೇಕಡಾ 24ರ ಹಂತ ವಿಶಾಲವಾಗಿದೆ. ಅದರೊಳಗೆ ವರ್ಷಕ್ಕೆ 40,000 ಆಸುಪಾಸು ತೆಗೆಯುವುದನ್ನು ಬುನಾದಿಯಾಗಿಟ್ಟುಕೊಂಡು ಪರಿಸ್ಥಿತಿ ನೋಡಿ ಏರಿಳಿಸಿ. ಐಆರ್‌ಎ ಹಣಕ್ಕೆ ಸಾಮಾನ್ಯವಾಗಿ ಶೇಕಡಾ 10 ಮಾತ್ರ ಮೊದಲೇ ಕಡಿತವಾಗುತ್ತದೆ, ನಿಮ್ಮ ದರಕ್ಕೆ ಅದು ಸಾಲದು. ಎಷ್ಟು ಕಡಿತವಾಗಬೇಕೆಂದು ತಿಳಿಸುವ ಡಬ್ಲ್ಯು-4ಆರ್ ಫಾರ್ಮಿನಲ್ಲಿ 24 ಎಂದು ಬರೆದುಬಿಡಿ.

ಎಡಿಸನ್ ನಿವಾಸಿ

ಲೆಕ್ಕಪತ್ರ ಅವರ ಅಂಕಿಗಳಿಗೆ ನನ್ನ ತಕರಾರಿಲ್ಲ, ಆದರೆ ಸಮನಾದ ಕಂತುಗಳ ಯೋಚನೆಗೆ ಸ್ವಲ್ಪ ಇದೆ. ಹತ್ತು ವರ್ಷದಲ್ಲಿ ನಿಮಗೆ 59 ತುಂಬಿರುತ್ತದೆ. ನಮ್ಮ ಸುತ್ತಿನ ಐಟಿ ಮನೆಗಳಲ್ಲಿ ಇಬ್ಬರೂ ಅಷ್ಟು ಕಾಲ ಬಿಡುವಿಲ್ಲದೆ ಸಂಬಳ ಪಡೆಯುವುದು ಅಪರೂಪ. ಒಬ್ಬರ ಕೆಲಸ ಹೋದ ವರ್ಷ, ಅಥವಾ ಒಬ್ಬರು ಬೇಗ ನಿವೃತ್ತರಾದ ವರ್ಷ ನಿಮ್ಮ ಆದಾಯ ಶೇಕಡಾ 12ರ ಹಂತದ ಹತ್ತಿರ ಇಳಿಯಬಹುದು. ದೊಡ್ಡ ಪಾಲನ್ನು ತೆಗೆಯಬೇಕಾದದ್ದು ಆಗ.

ಅಲ್ಲಿಯವರೆಗೆ ಇನ್ನೊಂದು ದಾರಿಯಿದೆ. ನೀವಿಬ್ಬರೂ ನಿಮ್ಮ 401(ಕೆ) ಕಂತನ್ನು ಮಿತಿಯವರೆಗೆ ತುಂಬುತ್ತಿಲ್ಲವಾದರೆ ಅದನ್ನು ಹೆಚ್ಚಿಸಿ, ಸಂಬಳದಲ್ಲಿ ಕಡಿಮೆಯಾದದ್ದನ್ನು ತಂದೆಯವರ ಖಾತೆಯಿಂದ ತೆಗೆದ ಹಣದಿಂದ ತುಂಬಿಕೊಳ್ಳಿ. 2026ರ ಮಿತಿ ಒಬ್ಬರಿಗೆ 24,500 ಡಾಲರ್, 50 ತುಂಬಿದವರಿಗೆ ಇನ್ನೂ 8,000. ಒಂದು ಕೈಯಲ್ಲಿ ಸೇರಿದ ಆದಾಯ ಇನ್ನೊಂದು ಕೈಯಲ್ಲಿ ಕಳೆಯುತ್ತದೆ. ಒಂದೇ ಎಚ್ಚರಿಕೆ: ಹಿಂದಿನ ವರ್ಷ ಅದೇ ಕಂಪನಿಯಲ್ಲಿ ಸಂಬಳ 1,50,000 ಡಾಲರ್ ದಾಟಿದ್ದವರ ಆ 8,000 ಈ ವರ್ಷದಿಂದ ರಾಥ್ ಭಾಗಕ್ಕೇ ಹೋಗಬೇಕು, ಅದಕ್ಕೆ ಈಗ ಕಡಿತ ಸಿಗದು. ಮಕ್ಕಳು ಕಾಲೇಜಿನ ಹೊಸ್ತಿಲಲ್ಲಿದ್ದರೆ ಫಾಫ್ಸಾ, ಅಂದರೆ ಕಾಲೇಜು ಖರ್ಚಿಗೆ ಸರ್ಕಾರಿ ನೆರವು ಕೇಳುವ ಅರ್ಜಿಯನ್ನೂ ನೆನಪಿಡಿ. ಅದು ಎರಡು ವರ್ಷ ಹಿಂದಿನ ರಿಟರ್ನ್ ನೋಡುತ್ತದೆ, ತೆಗೆದ ಹಣ ಅಲ್ಲಿ ಆದಾಯವಾಗಿ ಕಾಣುತ್ತದೆ.

ಮಲೆನಾಡಿನ ಮಗಳು, ನ್ಯೂಜೆರ್ಸಿ

ಅಣ್ಣನೊಂದಿಗೆ ಮಾತಾಡಿದೆ. ಸಹಜ್ ಫಾರ್ಮಿನ ಮಾತು ಕೇಳಿದ ಮೇಲೆ ಅವನು ಐಟಿಐಎನ್‌ಗೆ ಅರ್ಜಿ ಹಾಕಲು ಒಪ್ಪಿದ್ದಾನೆ. ಕೊನೆಯ ಎರಡು ಪ್ರಶ್ನೆಗಳು: ನ್ಯೂಜೆರ್ಸಿ ರಾಜ್ಯದ ತೆರಿಗೆ ಏನು? ಹತ್ತು ವರ್ಷದೊಳಗೆ ನನಗೇ ಏನಾದರೂ ಆದರೆ?

ಲೆಕ್ಕಪತ್ರ, ಟೆಕ್ಸಾಸ್

ನ್ಯೂಜೆರ್ಸಿ ತನ್ನ ಎಸ್ಟೇಟ್ ಟ್ಯಾಕ್ಸನ್ನು 2018ರಿಂದ ತೆಗೆದುಹಾಕಿದೆ, ಇನ್‌ಹೆರಿಟೆನ್ಸ್ ಟ್ಯಾಕ್ಸ್ ಮಕ್ಕಳಿಗೆ ಅನ್ವಯಿಸುವುದಿಲ್ಲ. (ತಂದೆಯವರು ನದಿಯಾಚೆ ಪೆನ್ಸಿಲ್ವೇನಿಯಾದ ನಿವಾಸಿಯಾಗಿದ್ದರೆ ಮಕ್ಕಳಿಗೂ ಶೇಕಡಾ 4.5 ಬೀಳುತ್ತಿತ್ತು.) ಆದಾಯ ತೆರಿಗೆ ಮಾತ್ರ ಉಂಟು. ಆ ರಾಜ್ಯ ಐಆರ್‌ಎಗೆ ನೇರವಾಗಿ ಹಾಕಿದ ಹಣಕ್ಕೆ ಹಾಕಿದಾಗಲೇ ತೆರಿಗೆ ಪಡೆಯುತ್ತದೆ, 401(ಕೆ) ಹಣಕ್ಕೆ ಹಾಗಲ್ಲ. ನಿಮ್ಮ ತಂದೆಯವರ ಹಣ ಬಹುಪಾಲು 401(ಕೆ)ಯಿಂದ ಬಂದದ್ದಾದ್ದರಿಂದ ಅದಕ್ಕೆ ರಾಜ್ಯದ ತೆರಿಗೆಯೂ ಬೀಳುತ್ತದೆ. ನೇರವಾಗಿ ಹಾಕಿದ ಕಂತುಗಳೇನಾದರೂ ಸಿಕ್ಕರೆ ಅಷ್ಟನ್ನು ರಾಜ್ಯದ ರಿಟರ್ನಿನಲ್ಲಿ ಕಳೆಯಬಹುದು.

ಹೊಸ ಖಾತೆ ತೆರೆಯುವ ದಿನವೇ ಅದಕ್ಕೆ ನಿಮ್ಮ ಮುಂದಿನ ಫಲಾನುಭವಿಯನ್ನು ನಮೂದಿಸಿ. ವಿಲ್‌ನಲ್ಲಿ ಬರೆದಿದ್ದರೂ ಇಲ್ಲಿ ನಡೆಯುವುದು ಖಾತೆಯ ಫಾರ್ಮು. ನಿಮ್ಮ ನಂತರ ಅದನ್ನು ಪಡೆಯುವವರಿಗೆ ಹೊಸದಾಗಿ ಹತ್ತು ವರ್ಷ ಸಿಗುವುದಿಲ್ಲ. ಅವರಿಗೂ ಗಡುವು ಅದೇ 2035ರ ಡಿಸೆಂಬರ್ 31.